ಮೂರರಿಂದ ಎರಡಕ್ಕೆ

“ಆಟೋಮ್ಯಾಟಿಕ್ ಗಾಡಿ ಅಂದ್ರೆ ಹೀಗೇ ಮೇಡಂ. ಓಡಿಸ್ತಾ ಓಡಿಸ್ತಾ ಅಭ್ಯಾಸ ಆಗಿಹೋಗುತ್ತೆ.”

ಸರ್ವಿಸ್ ಅಡ್ವೈಸರ್ ಈ ಮಾತನ್ನು ಮೂರನೇ ಸಲ ಹೇಳುತ್ತಿದ್ದ. ಮೊದಲ ಸಲ ಕಾಫಿ ಕೊಟ್ಟು ಹೇಳಿದ್ದ, ಎರಡನೇ ಸಲ ನೀರು ಕೊಟ್ಟು. ಈ ಸಲ ಏನೂ ಕೊಡಲಿಲ್ಲ.

ಅವಳು ಕೌಂಟರಿನ ಮೇಲಿದ್ದ ಜಾಬ್ ಕಾರ್ಡನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ‘ಟೆಸ್ಟ್ ಡ್ರೈವ್ ಮಾಡಲಾಗಿದೆ. ದೋಷ ಕಂಡುಬಂದಿಲ್ಲ.’ ಕೆಳಗೊಂದು ಸಹಿ. ಹಿಂದಿನ ಎರಡು ಕಾರ್ಡುಗಳಲ್ಲೂ ಅದೇ ವಾಕ್ಯ, ಅದೇ ಸಹಿ.

ಕಾರು ಕೊಂಡು ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಬಾಗಿಲು ತೆಗೆದರೆ ಹೊಸ ಸೀಟಿನ ವಾಸನೆ ಇನ್ನೂ ಮೂಗಿಗೆ ಬರುತ್ತಿತ್ತು. ಆದರೆ ನಿಧಾನದ ಟ್ರಾಫಿಕ್ಕಿನಲ್ಲಿ ಅದು ಇದ್ದಕ್ಕಿದ್ದಂತೆ, ಯಾರೋ ಹಿಂದಿನಿಂದ ಗುದ್ದಿದ ಹಾಗೆ, ಮುಗ್ಗರಿಸುತ್ತಿತ್ತು. ಅವಳಾದರೆ ಹೇಗೋ ತಡೆದುಕೊಂಡಾಳು. ಪಕ್ಕದಲ್ಲಿ ಕೂರುವ ಅಪ್ಪನಿಗೆ ಅದು ಆಗದು. ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಎರಡು ವರ್ಷವಾಗಿತ್ತು. ದೇಹದ ಒಂದು ಪಕ್ಕ ಹಿಡಿತ ತಪ್ಪಿತ್ತು. ಗಾಡಿ ಮುಗ್ಗರಿಸಿದಾಗಲೆಲ್ಲ ಅವರು ಮೂಟೆಯ ಹಾಗೆ ಬಾಗಿಲ ಕಡೆಗೆ ವಾಲಿಬಿಡುತ್ತಿದ್ದರು. ಗೇರ್ ಹಾಕುವ ಕೈ ಅಪ್ಪನ ಭುಜಕ್ಕೆ ಬೇಕೆಂದೇ ಅವಳು ಆಟೋಮ್ಯಾಟಿಕ್ ಕೊಂಡಿದ್ದು.

“ಈ ಸಹಿ ಯಾರದು?”

“ನಮ್ಮ ಸೀನಿಯರ್ ಟೆಕ್ನಿಷಿಯನ್‌ದು. ಆದ್ರೆ ಮೇಡಂ, ಕಸ್ಟಮರ್ಸ್ ಒಳಗೆ ಹೋಗೋ ಹಾಗಿಲ್ಲ...”

ಅವನ ಮಾತು ಮುಗಿಯುವ ಮೊದಲೇ ಅವಳು ಗಾಜಿನ ಬಾಗಿಲು ದಾಟಿದ್ದಳು.

ಒಳಗೆ ಎಣ್ಣೆಯ ವಾಸನೆ, ಗಾಳಿ ತುಂಬುವ ಯಂತ್ರದ ಸದ್ದು. “ರೇಡಿಯೋ, ನಿನ್ನನ್ನ ಹುಡುಕ್ಕೊಂಡು ಯಾರೋ ಬಂದಿದ್ದಾರೆ!” ಎಂದು ಒಬ್ಬ ಕೂಗಿದ. ಮೇಲೆತ್ತಿ ನಿಲ್ಲಿಸಿದ್ದ ಕಾರೊಂದರ ಅಡಿಯಿಂದ ಉದ್ದನೆಯ ಮನುಷ್ಯನೊಬ್ಬ ಹೊರಗೆ ಬಂದ. ಅಪರೂಪಕ್ಕೂ ಬಾಯಿ ಬಿಡದವನೆಂದು ವರ್ಕ್‌ಶಾಪಿನವರು ಅವನಿಗೆ ತಮಾಷೆಗೆ ಇಟ್ಟ ಹೆಸರದು. ಇದು ಅವಳಿಗೆ ಆಮೇಲೆ ಗೊತ್ತಾಯಿತು.

“ಇದು ನಿಮ್ಮ ಸಹೀನಾ?”

ಅವನು ಕಾರ್ಡನ್ನು ತೆಗೆದುಕೊಂಡು ಕೈಯನ್ನು ಪೂರ್ತಿ ಚಾಚಿ, ದೂರ ಹಿಡಿದು ನೋಡಿದ.

“ನಂದೇ.”

“ಎಷ್ಟು ಹೊತ್ತು ಓಡಿಸಿ ನೋಡಿದ್ರಿ?”

ಅವನು ತಲೆ ತಗ್ಗಿಸಿದ. “ಹತ್ತು ನಿಮಿಷ. ಒಂದು ಸಲ ಅದೂ ಇಲ್ಲ. ಬರೆದುಬಿಡು ಅಂದ್ರು, ಬರೆದೆ.”

ಜಗಳಕ್ಕೆಂದು ಸೊಂಟ ಕಟ್ಟಿ ಬಂದವಳು ಅವನ ಮುಖವನ್ನೇ ನೋಡಿದಳು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಹದಿನಾಲ್ಕು ವರ್ಷದಿಂದ ‘ಇದು ಸ್ಪಷ್ಟವೋ, ಅದು ಸ್ಪಷ್ಟವೋ’ ಎಂದು ಕೇಳಿ ಕೇಳಿ, ಯಾರು ನಿಜ ಹೇಳುತ್ತಾರೆ, ಯಾರು ಬೇಗ ಮುಗಿಯಲೆಂದು ಹೂಂಗುಟ್ಟುತ್ತಾರೆ ಎನ್ನುವುದು ಅವಳಿಗೆ ಮುಖ ನೋಡಿದರೇ ತಿಳಿಯುತ್ತಿತ್ತು. ಈ ಮನುಷ್ಯ ತನಗೇ ಕೆಡುಕಾಗುವ ನಿಜವನ್ನು ಹೇಳಿ ಸುಮ್ಮನೆ ನಿಂತಿದ್ದ.

“ಯಾವಾಗ ಮುಗ್ಗರಿಸುತ್ತೆ ಮೇಡಂ? ಹೊರಟ ಕೂಡ್ಲೇನಾ, ಆಮೇಲಾ?”

“ನನಗೆ ಗೊತ್ತಾಗಲ್ಲ. ನಮ್ಮಪ್ಪನಿಗೆ ಗೊತ್ತಾಗುತ್ತೆ.”

“ಅವರು...?”

“ಮೂವತ್ತೊಂದು ವರ್ಷ ಬಸ್ ಓಡಿಸಿದವರು. ಈಗ ಮಾತು ಬರಲ್ಲ. ಆದ್ರೆ ಗಾಡಿ ಮುಗ್ಗರಿಸೋ ಮುಂಚೆ ಬೆರಳೆತ್ತುತ್ತಾರೆ. ಪ್ರತಿ ಸಲಾನೂ.”

ಅವನು ಕೈಯಲ್ಲಿದ್ದ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ. “ಭಾನುವಾರ ನನಗೆ ರಜೆ. ನಿಮ್ಮ ಜೊತೆ ಬರ್ತೀನಿ,” ಎಂದ.

ಹೊರಡುವ ಮೊದಲು ಅವಳಿಗೆ ಸುಮ್ಮನಿರಲು ಆಗಲಿಲ್ಲ. “ನಿಮಗೆ ನಲವತ್ತೆರಡು ವರ್ಷ ಅಲ್ವಾ?”

ಅವನು ಬೆಚ್ಚಿದ. “ಹೇಗೆ ಗೊತ್ತಾಯ್ತು?”

“ಕಾರ್ಡ್ ಓದೋಕೆ ಕೈ ಎಷ್ಟುದ್ದ ಚಾಚಿದ್ರಿ ಅಂತ ನೋಡಿದೆ. ಅಂಗಡಿಗೆ ಬನ್ನಿ, ಓದೋ ಕನ್ನಡಕ ಬೇಕು ನಿಮಗೆ.”

ರೇಡಿಯೋ ನಕ್ಕ. ವರ್ಕ್‌ಶಾಪಿನಲ್ಲಿ ಇಬ್ಬರು ಮೂವರು ಕೆಲಸ ನಿಲ್ಲಿಸಿ ಅವನತ್ತ ನೋಡಿದರು.

ಭಾನುವಾರ ಅವನು ಬಂದಾಗ ಮೈಮೇಲೆ ಯೂನಿಫಾರ್ಮ್ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಗಾಡಿಯ ದೋಷ ಪತ್ತೆ ಮಾಡುವ ತನ್ನದೇ ಒಂದು ಹಳೇ ಸ್ಕ್ಯಾನರ್, ನೋಟ್‌ಬುಕ್. ಅಪ್ಪನನ್ನು ಮುಂದಿನ ಸೀಟಿಗೆ ಕೂರಿಸಿ ಅವಳು ಬೆಲ್ಟ್ ಹಾಕುತ್ತಿದ್ದಳು. ಅವನು ಬಗ್ಗಿ, ಕಿಟಕಿಯ ಎತ್ತರಕ್ಕೆ ಮುಖ ತಂದ.

“ನಮಸ್ಕಾರ ಯಜಮಾನ್ರೇ. ನಿಮ್ಮ ಗಾಡೀಲಿ ದೋಷ ಇಲ್ಲ ಅಂತ ಮೂರು ಸಲ ಬರೆದವನು ನಾನೇ.”

ಅಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರಲ್ಲಿ ಉಳಿದದ್ದು ಒಂದೇ ಪದ. ಹಸಿವಿಗೂ ಅದೇ, ಸಿಟ್ಟಿಗೂ ಅದೇ. “ಆಯ್ತು,” ಎಂದರು. ‘ಓಹೋ, ಆ ಮಹಾನುಭಾವ ನೀನೇನಾ’ ಎನ್ನುವುದಷ್ಟೂ ಅದರೊಳಗಿತ್ತು.

ಪ್ರತಿ ಭಾನುವಾರ ಅಪ್ಪನನ್ನು ಕರೆದೊಯ್ಯುವ ಫಿಸಿಯೋಥೆರಪಿ ಸೆಂಟರ್ ಊರಿನ ಇನ್ನೊಂದು ತುದಿಗೆ. ಅರ್ಧ ಗಂಟೆ ಕಾರು ಬೆಣ್ಣೆಯ ಹಾಗೆ ಹೋಯಿತು. ಅವಳಿಗೆ ಅವಮಾನವಾಗತೊಡಗಿತು. “ನಿಮ್ಮನ್ನ ನೋಡಿ ಹೆದರಿಕೊಂಡಿದೆ,” ಎಂದಳು. ಹಿಂದಿನ ಸೀಟಿನಲ್ಲಿ ಅವನು ಸ್ಕ್ಯಾನರಿನ ಮೇಲೆ ಕಣ್ಣಿಟ್ಟು ಕುಳಿತಿದ್ದ.

ಮಾರುಕಟ್ಟೆಯ ಸಿಗ್ನಲ್ ಹತ್ತಿರ ವೇಗ ತಗ್ಗಿತು. ಅಪ್ಪನ ನೆಟ್ಟಗಿನ ಕೈಯ ತೋರುಬೆರಳು ತೊಡೆಯಿಂದ ಮೇಲೆದ್ದಿತು. ಒಂದು, ಎರಡು ಎನ್ನುವಷ್ಟರಲ್ಲಿ ಕಾರು ಧಡಕ್ಕನೆ ಮುಗ್ಗರಿಸಿತು. ಅವಳ ಕೈ ತಾನಾಗಿ ಅಪ್ಪನ ಭುಜಕ್ಕೆ ಹೋಯಿತು. ಅದೇ ಹೊತ್ತಿಗೆ ಹಿಂದಿನಿಂದ ಇನ್ನೊಂದು ಕೈ ಬಂದು ಅದೇ ಭುಜವನ್ನು ಹಿಡಿದಿತ್ತು. ಎರಡು ಕೈಗಳೂ ಒಂದನ್ನೊಂದು ಮುಟ್ಟಿದವು. ಅವನೇ ಮೊದಲು ಹಿಂದೆ ತೆಗೆದ.

“ಗೇರ್ ಮೂರರಿಂದ ಎರಡಕ್ಕೆ ಇಳಿಯುವಾಗ,” ಅವನು ಬರೆದುಕೊಂಡ. “ಎಣ್ಣೆ ಕಾದ ಮೇಲೆ ಮಾತ್ರ. ಯಜಮಾನ್ರೇ, ನಿಮಗೆ ಮೊದಲೇ ಹೇಗೆ ಗೊತ್ತಾಯ್ತು? ಕಿವಿಗೆ ಕೇಳಿಸ್ತಾ?”

ಅಪ್ಪ ತಲೆ ಆಡಿಸಿದರು, ಇಲ್ಲ.

“ಸೀಟು ನಡುಗಿತಾ?”

ಅದೂ ಅಲ್ಲ. ಅಪ್ಪ ಕಣ್ಣನ್ನು ಕೆಳಗಿಳಿಸಿ ತಮ್ಮ ಪಾದದ ಕಡೆಗೆ ನೋಡಿದರು. ಚಪ್ಪಲಿ ಹಾಕಿಕೊಳ್ಳದ ಪಾದ, ಕಾರಿನ ನೆಲದ ಮೇಲೆ ಚಪ್ಪಟೆಯಾಗಿ ಊರಿತ್ತು.

ಹಿಂದಿನ ಸೀಟಿನಲ್ಲಿ ಅವನು ಶೂ ಬಿಚ್ಚಿದ. ಸಾಕ್ಸನ್ನೂ ಬಿಚ್ಚಿದ. ಕಣ್ಣು ಮುಚ್ಚಿ ಎರಡೂ ಅಂಗಾಲುಗಳನ್ನು ನೆಲಕ್ಕೆ ಒತ್ತಿ ಕುಳಿತ. ಮುಂದಿನ ಸಲ ಅಪ್ಪನ ಬೆರಳು ಎದ್ದಾಗ ಅವನ ತುಟಿಯೂ ಅಲುಗಿತು.

“ಬಂತು ಮೇಡಂ. ಸಣ್ಣಗೆ ಕೊರೆಯೋ ಹಾಗೆ.”

ಅವಳು ಕನ್ನಡಿಯಲ್ಲಿ ಆ ಮುಖ ನೋಡಿದಳು. ಇಷ್ಟು ದಿನ ಅವಳ ಮಾತನ್ನು ಎಲ್ಲರೂ ಕಿವಿಯಿಂದ ಕೇಳಿ ಆಚೆ ಬಿಟ್ಟಿದ್ದರು. ಇವನೊಬ್ಬ ಶೂ ಬಿಚ್ಚಿ ಅಂಗಾಲಿನಿಂದ ಕೇಳುತ್ತಿದ್ದಾನೆ. ನೋಡಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ನೋಡಿದಳೇನೋ. ಹಿಂದಿನ ಗಾಡಿಯವನು ಹಾರ್ನ್ ಹೊಡೆದ.

ಮೂರು ಭಾನುವಾರ ಹೀಗೇ ಹೋದವು. ಅಪ್ಪ ಒಳಗೆ ವ್ಯಾಯಾಮ ಮಾಡುವ ಮುಕ್ಕಾಲು ಗಂಟೆ ಅವರಿಬ್ಬರೂ ಪಾರ್ಕಿಂಗಿನಲ್ಲಿ ಕಾಯುತ್ತಿದ್ದರು. ಅವನು ಅಂಕಿಗಳನ್ನು ಬರೆಯುತ್ತಿದ್ದ. ಅವಳು ಮಾತಾಡುತ್ತಿದ್ದಳು. ಒಂದು ದಿನ ಅವಳು ಬ್ಯಾಗಿನಿಂದ ಕನ್ನಡಕ ತೆಗೆದು ಅವನ ಮೂಗಿನ ಮೇಲೆ ತಾನೇ ಇಟ್ಟಳು. ಸರಿಯಾಗಿ ಕೂತಿದೆಯೇ ಎಂದು ನೋಡಲು ಹತ್ತಿರ ಬಗ್ಗಿದಳು.

“ಈಗ ಸ್ಪಷ್ಟವಾ?”

ಅವನು ನೋಟ್‌ಬುಕ್ ನೋಡಲಿಲ್ಲ. “ಸ್ಪಷ್ಟ,” ಎಂದ.

ಅವಳ ಕಿವಿ ಬಿಸಿಯಾಯಿತು. “ಪುಸ್ತಕ ನೋಡಿ ಹೇಳಿ ಸ್ವಾಮಿ.”

ನಾಲ್ಕನೇ ಭಾನುವಾರ, ಮೇಲ್ಸೇತುವೆಯ ಏರಿನಲ್ಲಿ, ಅಪ್ಪ ಬೆರಳೆತ್ತಲಿಲ್ಲ. ಇಡೀ ಕೈಯನ್ನೇ ಎತ್ತಿದರು. ಮರುಕ್ಷಣ ಎಂಜಿನ್ ಒಂದೇ ಸಮ ಅರಚಿತು. ಚಕ್ರಕ್ಕೆ ಬಲವೇ ಸಿಗಲಿಲ್ಲ. ಕಾರು ನಿಂತು, ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಹಿಂದೆ ತುಂಬಿದ ಬಸ್ಸು ಬರುತ್ತಿತ್ತು.

“ಬ್ರೇಕ್ ಒತ್ತಿ ಹಿಡೀರಿ, ಬಿಡಬೇಡಿ!” ಎಂದವನೇ ಅವನು ಬಾಗಿಲು ತೆಗೆದು ಕೆಳಗೆ ಹಾರಿದ. ಬರಿಗಾಲಲ್ಲಿ, ಕಾದ ಡಾಂಬರಿನ ಮೇಲೆ, ಎರಡೂ ಕೈ ಅಗಲಿಸಿ, ಬಸ್ಸಿಗೂ ಕಾರಿಗೂ ನಡುವೆ ನಿಂತುಬಿಟ್ಟ. ಬಸ್ಸು ಕಿರುಚಿ ನಿಂತದ್ದು ಅವನಿಂದ ಒಂದು ಮಾರು ದೂರದಲ್ಲಿ.

ಟೋ ಮಾಡುವ ಗಾಡಿ ಬರುವವರೆಗೆ ಅವಳು ಸ್ಟಿಯರಿಂಗ್ ಬಿಡಲಿಲ್ಲ. ಬೆರಳುಗಳು ಬಿಡಿಸಲಾರದಷ್ಟು ಗಟ್ಟಿಯಾಗಿದ್ದವು. ಅವನು ಕಿಟಕಿಯ ಪಕ್ಕ ನಿಂತು ಒಂದೊಂದೇ ಬೆರಳನ್ನು ಬಿಡಿಸಿದ.

“ನಾನು ಮೊದಲನೇ ದಿನವೇ ನಿಜ ಬರೆದಿದ್ರೆ ನೀವು ಇವತ್ತು ಇಲ್ಲಿ ಇರ್ತಿರಲಿಲ್ಲ,” ಎಂದ. “ನಾಳೆ ರಿಪೋರ್ಟ್ ಕೊಡ್ತೀನಿ.”

ಎರಡು ದಿನ ಬಿಟ್ಟು ಮ್ಯಾನೇಜರ್ ಅವಳನ್ನು ಕ್ಯಾಬಿನ್‌ಗೆ ಕರೆಸಿದರು. ಅವನೂ ಗೋಡೆಯ ಪಕ್ಕ ನಿಂತಿದ್ದ. ಮೇಜಿನ ಮೇಲೆ ಅವನ ಆರು ಪುಟದ ವರದಿ, ಪಕ್ಕದಲ್ಲಿ ಮೂರು ಹಳೇ ಜಾಬ್ ಕಾರ್ಡು.

“ನೋಡಿ ಮೇಡಂ, ಇದೇ ಮನುಷ್ಯ ಮೂರು ಸಲ ‘ದೋಷ ಇಲ್ಲ’ ಅಂತ ಸಹಿ ಹಾಕಿದ್ದಾರೆ. ಈಗ ಗೇರ್‌ಬಾಕ್ಸೇ ಬದಲಾಯಿಸಬೇಕು ಅಂತ ಬರೀತಾರೆ. ಕಂಪನಿಯವರು ಯಾವುದನ್ನ ನಂಬಬೇಕು?” ಮ್ಯಾನೇಜರ್ ದನಿ ತುಂಬ ಮೃದುವಾಗಿತ್ತು. ಅವನ ಕಡೆ ತಿರುಗಿ, “ಇನ್ನೊಂದು ಸಲ ಯೋಚನೆ ಮಾಡಪ್ಪ. ನಿನ್ನದು ಹದಿನೆಂಟು ವರ್ಷದ ಸರ್ವಿಸ್ಸು,” ಎಂದರು.

ರೇಡಿಯೋ ಎಂದು ಕರೆಸಿಕೊಳ್ಳುವವನು ಮೇಜಿನ ಹತ್ತಿರ ಬಂದ.

“ಆ ಮೂರೂ ಸುಳ್ಳು ಸರ್. ಬರೆದವನು ನಾನೇ. ಬೇಕಾದ್ರೆ ಅದನ್ನೂ ಬರೆದುಕೊಡ್ತೀನಿ.”

ಬರೆದೂ ಕೊಟ್ಟ. ಅಲ್ಲೇ, ನಿಂತುಕೊಂಡೇ, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು. ಅವಳಿಗೆ ಅಳು ನುಗ್ಗಿ ಬಂತು. ಕಿಟಕಿಯ ಕಡೆ ಮುಖ ತಿರುಗಿಸಿದಳು.

ಅಪ್ಪಟ ಸತ್ಯದ ಆ ಎರಡು ಸಾಲಿನ ಮುಂದೆ ಕಂಪನಿಗೆ ಬೇರೆ ದಾರಿ ಉಳಿಯಲಿಲ್ಲ. ಐದು ವಾರಕ್ಕೆ ಹೊಸ ಗೇರ್‌ಬಾಕ್ಸ್ ಬಂತು. ಅದನ್ನು ಅವನೇ ಕೂರಿಸಿದ. ಭಾನುವಾರ ಅದೇ ದಾರಿಯಲ್ಲಿ ಮೂವರೂ ಹೊರಟರು. ಮಾರುಕಟ್ಟೆಯ ಸಿಗ್ನಲ್, ಮೇಲ್ಸೇತುವೆ, ಎಲ್ಲ ದಾಟಿದರೂ ಅಪ್ಪನ ಬೆರಳು ಏಳಲಿಲ್ಲ. ಅವಳು ಸಂತೋಷಪಡಬೇಕಿತ್ತು. ಇನ್ನು ಇವನು ಬರುವುದಕ್ಕೆ ಕಾರಣವೇ ಇಲ್ಲವಲ್ಲ ಎನ್ನುವುದು ಎದೆಯೊಳಗೆ ಮುಳ್ಳಿನಂತೆ ಕೂತಿತ್ತು.

ಪಾರ್ಕಿಂಗಿನಲ್ಲಿ ಅವನು ಹೇಳಿದ. “ನನ್ನನ್ನ ಬೇರೆ ಬ್ರಾಂಚ್‌ಗೆ ಹಾಕಿದ್ದಾರೆ. ಏಳು ಗಂಟೆ ದಾರಿ.”

“ಹೋಗ್ತೀರಾ?”

“ಇಲ್ಲ. ಕೆಲಸ ಬಿಟ್ಟೆ. ಹಳೇ ಬಸ್ ನಿಲ್ದಾಣದ ಹಿಂದೆ ಗ್ಯಾರೇಜ್ ಹಾಕೋಕೆ ಒಂದು ಶೆಡ್ ನೋಡಿದ್ದೀನಿ.”

ಅವಳಿಗೆ ಸಿಟ್ಟೇ ಬಂತು. “ನನ್ನನ್ನ ಒಂದು ಮಾತು ಕೇಳದೆ ನನ್ನ ಸಲುವಾಗಿ ಕೆಲಸ ಬಿಟ್ಟುಬಿಟ್ರಾ?”

“ನಿಮ್ಮ ಸಲುವಾಗಿ ಅಲ್ಲ, ನನ್ನ ಸಹಿ ಸಲುವಾಗಿ. ಆ ಕಂಪನೀಲಿದ್ರೆ ಮತ್ತೆ ಅದೇ ಬರೆಸ್ತಾರೆ.” ಅವನು ತನ್ನ ಅಂಗೈ ನೋಡಿಕೊಂಡ. “ನಿಮ್ಮ ಸಲುವಾಗಿ ಕೇಳಬೇಕಾದ್ದು ಬೇರೆ ಇದೆ. ನನಗೆ ಚೆನ್ನಾಗಿ ಹೇಳೋಕೆ ಬರಲ್ಲ. ನಿಮ್ಮ ಜೊತೆ ಇರಬೇಕು ಅನ್ಸುತ್ತೆ. ಭಾನುವಾರ ಮಾತ್ರ ಅಲ್ಲ. ನಿಮಗೆ ಮನಸ್ಸಿದ್ರೆ ಮದುವೆ ಆಗೋಣ.”

ಅವಳು ಇದಕ್ಕಾಗಿ ಕಾದಿದ್ದಳು. ಕಾದಿದ್ದೇ ಬಂದಾಗ ಭಯವಾಯಿತು.

“ಅಪ್ಪ ಇದ್ದಾರೆ,” ಎಂದಳು.

“ಅವರನ್ನ ಬಿಟ್ಟು ಬನ್ನಿ ಅಂತ ನಾನು ಅಂದಿಲ್ವಲ್ಲ.”

“ಗೊತ್ತು. ಹಿಂದೆ ಒಬ್ಬರು ಹೀಗೇ ಅಂದಿದ್ರು. ನಿಶ್ಚಯ ಕೂಡ ಆಗಿತ್ತು. ಅಪ್ಪ ಬಿದ್ದು ಆರು ತಿಂಗಳಿಗೆ, ಎಲ್ಲಾದ್ರೂ ಸೇರಿಸಬಹುದಲ್ಲ ಅಂತ ಶುರು ಮಾಡಿದ್ರು. ಒಳ್ಳೇ ಮನುಷ್ಯನೇ ಅವರು. ದಿನಾ ರಾತ್ರಿ ಮೂರು ಸಲ ಏಳೋದು ಎಲ್ಲರ ಕೈಲಿ ಆಗಲ್ಲ. ಇನ್ನೊಂದು ಸಲ ಆ ಮಾತು ಕೇಳೋ ಶಕ್ತಿ ನನಗಿಲ್ಲ.”

ಅವನು ವಾದ ಮಾಡಲಿಲ್ಲ. ತಾನು ಅಂಥವನಲ್ಲ ಎಂದೂ ಹೇಳಲಿಲ್ಲ. “ಭಾನುವಾರ ಯಜಮಾನ್ರನ್ನ ನೋಡೋಕೆ ಬರಬಹುದಾ?” ಎಂದ.

“ಅಪ್ಪನ್ನ ನೋಡೋಕೆ ಯಾರು ಬೇಡ ಅಂತಾರೆ?”

ಹೀಗೆ ಅವನು ಬರುತ್ತಲೇ ಇದ್ದ. ಅಪ್ಪನ ಗಡ್ಡ ಹೆರೆಯುವುದನ್ನು ಕಲಿತ. ಒಂದು ಕೆನ್ನೆ ಮುಗಿಸಿ, “ಇನ್ನೊಂದು ಕಡೆಗೂ ಸರ್ವಿಸ್ ಮಾಡಿಬಿಡ್ಲಾ?” ಎಂದು ಕೇಳುತ್ತಿದ್ದ. ಅಪ್ಪನ ಸೊಟ್ಟ ತುಟಿಯಲ್ಲಿ ನಗು ಬರುತ್ತಿತ್ತು. ಶೆಡ್ಡಿನ ಕತೆಗಳನ್ನೆಲ್ಲ ಅವರ ಮುಂದೆ ಬಿಚ್ಚುತ್ತಿದ್ದ. ರೇಡಿಯೋ ಹೀಗೆ ಮಾತಾಡುವುದನ್ನು ಅವಳು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಒಲೆಯ ಮೇಲಿಟ್ಟ ಹಾಲು ಎರಡು ಸಲ ಉಕ್ಕಿ ಹೋಗಿತ್ತು. ಅವಳೊಡನೆ ಮಾತ್ರ ಅವನು ಆ ವಿಷಯ ಮತ್ತೆ ಎತ್ತಲಿಲ್ಲ.

ಎಂಟು ತಿಂಗಳ ಮೇಲೆ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಅಪ್ಪ ಏಳಲಿಲ್ಲ.

ಅವಳು ಮೊದಲು ಫೋನ್ ಮಾಡಿದ್ದು ಅವನಿಗೆ. ಅವನು ಬಂದ. ಡಾಕ್ಟರನ್ನು ಕರೆತಂದ, ಬಂಧುಗಳಿಗೆ ಸುದ್ದಿ ಮುಟ್ಟಿಸಿದ, ಅಪ್ಪನಿಗೆ ಹೆಗಲು ಕೊಟ್ಟ. ಎಲ್ಲರೂ ಹೋದ ಮೇಲೆ ರಾಶಿ ಬಿದ್ದಿದ್ದ ಲೋಟಗಳನ್ನು ತೊಳೆದು ಬೋರಲು ಹಾಕಿದ. “ಬಾಗಿಲು ಹಾಕ್ಕೊಳ್ಳಿ,” ಎಂದು ಹೇಳಿ ಹೋದ.

ಹೋದವನು ಮತ್ತೆ ಬರಲಿಲ್ಲ. ಮೊದಲನೇ ಭಾನುವಾರ ಅವಳು ಏನೋ ಕೆಲಸವಿರಬೇಕು ಅಂದುಕೊಂಡಳು. ಎರಡನೆಯದಕ್ಕೆ ಮೈ ಸರಿಯಿಲ್ಲವೇನೋ ಎಂದು ಫೋನ್ ಮಾಡಿದಳು. “ಚೆನ್ನಾಗಿದ್ದೀನಿ, ನೀವು ಊಟ ಮಾಡಿದ್ರಾ?” ಎಂದಷ್ಟೇ ಕೇಳಿ ಅವನು ಫೋನ್ ಇಟ್ಟ. ಮೂರು, ನಾಲ್ಕು, ಐದು. ಅಪ್ಪನಿಲ್ಲದ ಮನೆಯಲ್ಲಿ ಅವಳಿಗೆ ರಾತ್ರಿ ಮೂರು ಸಲ ತಾನಾಗಿ ಎಚ್ಚರವಾಗುತ್ತಿತ್ತು. ಅಂಗಡಿಯಲ್ಲಿ ಕಣ್ಣು ತೋರಿಸಲು ಬಂದವರೇ, “ನಿಮ್ಮ ಕಣ್ಣು ಯಾಕಮ್ಮ ಹೀಗಿದೆ?” ಎಂದು ಕೇಳತೊಡಗಿದರು.

ಏಳನೇ ವಾರ ಅವಳು ಊಟದ ಹೊತ್ತಿಗೆ ಅಂಗಡಿಯ ಬಿಳಿ ಕೋಟನ್ನೂ ತೆಗೆಯದೆ ಹೊರಟಳು. ಹಳೇ ಬಸ್ ನಿಲ್ದಾಣದ ಹಿಂದಿನ ಶೆಡ್ಡಿನಲ್ಲಿ ಅವನೊಬ್ಬನೇ ಇದ್ದ. ಬಾನೆಟ್ ಎತ್ತಿದ ವ್ಯಾನೊಂದರ ಮೇಲೆ ಬಗ್ಗಿದ್ದ. ಅವಳ ನೆರಳು ಕಂಡು ತಲೆಯೆತ್ತಿದ. ಗಡ್ಡ ಬೆಳೆದಿತ್ತು.

“ಯಾಕೆ ಬರಲಿಲ್ಲ?”

ಅವನು ಸ್ಪ್ಯಾನರನ್ನು ಕೆಳಗಿಟ್ಟ.

“ಅಪ್ಪ ಇದ್ದಾರೆ ಅಂತ ನೀವು ಬೇಡ ಅಂದಿದ್ರಿ. ಅವರು ಹೋದ ಮಾರನೇ ವಾರಾನೇ ನಾನು ನಿಮ್ಮ ಬಾಗಿಲಲ್ಲಿ ನಿಂತ್ರೆ, ದಾರಿ ಖಾಲಿ ಆಗ್ಲಿ ಅಂತ ಕಾಯ್ತಿದ್ದವನ ಹಾಗೆ ಕಾಣ್ತಿರಲಿಲ್ವಾ? ನಿಮಗೆ ಹಾಗೆ ಅನ್ನಿಸಿದ್ರೆ... ನನಗೇ ಹಾಗೆ ಅನ್ನಿಸಿದ್ರೆ? ಯಜಮಾನ್ರು ಖಾಲಿ ಆಗಬೇಕಿದ್ದ ಜಾಗ ಅಲ್ಲ ನನಗೆ.”

ಅವಳು ಅಲ್ಲಿದ್ದ ಟೈರಿನ ಮೇಲೆ ಕುಳಿತಳು.

“ಅಪ್ಪ ಯಾವತ್ತೂ ದಾರಿಗೆ ಅಡ್ಡ ಇರಲಿಲ್ಲ,” ಎಂದಳು. “ನಾನೇ ಅವರನ್ನ ಅಡ್ಡ ಇಟ್ಕೊಂಡಿದ್ದೆ. ನೀವು ಗಡ್ಡ ಹೆರೆಯೋಕೆ ಶುರು ಮಾಡಿದ ತಿಂಗಳಲ್ಲೇ ನನಗೆ ಗೊತ್ತಾಗಿತ್ತು, ನೀವು ಬಿಟ್ಟು ಹೋಗೋರಲ್ಲ ಅಂತ. ಆದ್ರೂ ಬಾಯಿ ಬಿಡಲಿಲ್ಲ. ಹೇಳಿದ್ದಿದ್ರೆ ಅಪ್ಪ ನಮ್ಮ ಮದುವೆ ನೋಡಿಕೊಂಡು ಹೋಗ್ತಿದ್ರು. ಅದೊಂದು ನನ್ನ ಎದೇಲಿ ಹಾಗೇ ಉಳಿದುಬಿಡ್ತು.”

ಅವನು ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಏನೋ ಹೇಳಲು ಬಾಯಿ ತೆರೆದ. ಅಳು ಬಂತು. ಅಪ್ಪ ಸತ್ತ ದಿನವೂ ಅಳದೆ ಎಲ್ಲ ಕೆಲಸ ಮಾಡಿದ್ದ ಮನುಷ್ಯ ಈಗ ಭುಜ ಅದುರಿಸಿಕೊಂಡು ಅತ್ತ. ಅವಳು ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಅವನ ಕೈಯ ಗ್ರೀಸು ಬಿಳಿ ಕೋಟಿನ ತುಂಬ ಹತ್ತಿತು. ಇಬ್ಬರೂ ಅದನ್ನು ನೋಡಲಿಲ್ಲ.

“ಇನ್ನೊಂದು ಸಲ ಕೇಳಿ,” ಅವಳು ಅವನ ಕೂದಲಿನೊಳಕ್ಕೆ ಹೇಳಿದಳು.

“ಮದುವೆ ಆಗ್ತೀರಾ ನನ್ನನ್ನ?”

“ಆಗ್ತೀನಿ.”

ಅಂದು ಅವಳು ಅಂಗಡಿಗೆ ವಾಪಸ್ ಹೋಗಲಿಲ್ಲ. ಅವನು ಶೆಡ್ಡಿಗೆ ಬೀಗ ಹಾಕಿದ. ಮನೆಗೆ ಹೋಗಿ, ಏಳು ವಾರದಿಂದ ಮುಚ್ಚಿದ್ದ ಅಪ್ಪನ ಕೋಣೆಯ ಕಿಟಕಿಗಳನ್ನು ಇಬ್ಬರೂ ಸೇರಿ ತೆರೆದರು. ಧೂಳು ಹೊಡೆದರು. ಗೋಡೆಗೆ ಒತ್ತಿ ಹಾಕಿದ್ದ ಕಬ್ಬಿಣದ ಮಂಚವನ್ನು ಬೆಳಕಿರುವ ಕಡೆಗೆ ಸರಿಸಬೇಕಿತ್ತು. ಅದು ಒಬ್ಬರಿಂದ ಆಗುವ ಕೆಲಸವಲ್ಲ.

ಅವಳು ಮಂಚದ ಒಂದು ತುದಿ ಹಿಡಿದು ಅವನತ್ತ ನೋಡಿದಳು.

“ಆ ಕಡೆ ಹಿಡ್ಕೋ,” ಎಂದಳು. “ನಿಧಾನ. ನಿನ್ನ ಕಾಲು ಹುಷಾರು.”

ಅವನು ಬಗ್ಗಿ ಹಿಡಿದುಕೊಂಡ.